ಲಂಡನ್ನಿನಿಂದ ಬಂದ ಕಾಶಿಯ ಕಾಗದಗಳು

ಲಂಡನ್ನಿನಿಂದ ನನ್ನ ತಂಗಿ ಬರೆದ ಮೊದಲನೆಯ ಕಾಗದವನ್ನು ನಾನು ಪುಣೆಯ ನಾರಾಯಣ ಪೇಟೆಯ ನಮ್ಮ ಬಿಡಾರದಲ್ಲಿ ಅವ್ವನ ಎದುರು ಕುಳಿತು ಗಟ್ಟಿಯಾಗಿ ಓದಿದೆ. ಕಾಗದದಲ್ಲಿ ಇದ್ದದ್ದು ಹೀಗೆ: ಈ ಊರಲ್ಲಿ ನೆಲದ ಕೆಳಗೆ ರೈಲು ಓಡುತ್ತದೆ. ಅಲ್ಲಿಗೆ ಇಳಿಯುವ ಮೆಟ್ಟಿಲುಗಳು ತಾವೇ ನಡೆಯುತ್ತವೆ. ನೆರಿಗೆ ಎತ್ತಿ ಹಿಡಿದು, ಕಣ್ಣು ಮುಚ್ಚಿ ನಿಂತೆ. ಕಣ್ಣು ಬಿಟ್ಟಾಗ ಪಾತಾಳದಲ್ಲಿದ್ದೆ.

ನಾನು ಓದಿದ್ದು ಹೀಗೆ: "ಇಲ್ಲೆ ಹೊಳಿಗೆ ಇಳಿಯೋ ಮೆಟ್ಟಲಾ ಭಾಳ ಅವ. ನಿರಿಗಿ ಎತ್ತಿ ಹಿಡದು, ಕಣ್ಣ ಮುಚ್ಚಿ ಮುಳುಗಿದೆ."

ಅವ್ವ ಎರಡೂ ಕೈ ಜೋಡಿಸಿ ಹಣೆಗೆ ಒತ್ತಿಕೊಂಡಳು. "ಪುಣ್ಯಾ ಮಾಡ್ಯಾಳ," ಅಂದಳು. ಬಾಗಿಲಿನ ಹಿಂದೆ ನಿಂತಿದ್ದ ನನ್ನ ಹೆಂಡತಿ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು.

ಇದು ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲಿನ ಮಾತು. ತಂಗಿ ಹದಿಮೂರಕ್ಕೆ ವಿಧವೆಯಾಗಿ ಧಾರವಾಡದಿಂದ ನನ್ನ ಮನೆಗೆ ಬಂದವಳು. ಪುಣೆಯಲ್ಲಿ ಓದಿ, ಹೆರಿಗೆಯ ದವಾಖಾನೆಯೊಂದರಲ್ಲಿ ನರ್ಸ್ ಆದಳು. ಅಲ್ಲಿಯ ದೊಡ್ಡ ಡಾಕ್ಟರಬಾಯಿ ಅವಳನ್ನು ಹೆಚ್ಚಿನ ಕಲಿಕೆಗೆಂದು ಡಬ್ಲಿನ್ನಿಗೆ ಕಳಿಸಿದರು. ದಾರಿಯಲ್ಲಿ ಲಂಡನ್, ಎಡಿನ್‌ಬರೋಗಳ ದವಾಖಾನೆಗಳನ್ನೂ ನೋಡಬೇಕು. ಒಟ್ಟು ಒಂಬತ್ತು ತಿಂಗಳು.

ಅವ್ವ ಮಡಿ ಹೆಂಗಸು. ತಾನು ಮಾಡಿದ್ದು ಬಿಟ್ಟರೆ ತಂಗಿ ಮಾಡಿದ ಅಡಿಗೆಯನ್ನಷ್ಟೇ ಉಣ್ಣುತ್ತಿದ್ದಳು. ನನ್ನ ಹೆಂಡತಿಯ ಮಡಿಯ ಮೇಲೆ ಅವಳಿಗೆ ಎಂದೂ ಭರವಸೆ ಬಂದಿರಲಿಲ್ಲ. ತಂಗಿ ದವಾಖಾನೆಯಿಂದ ಬಂದವಳೇ ಹಲವು ಬಿಡಾರಗಳಿದ್ದ ನಮ್ಮ ವಾಡೆಯ ಅಂಗಳದ ನಳದ ಕೆಳಗೆ ಜಳಕ ಮಾಡಿ, ಉಣ್ಣೆಯ ಧಾಬಳಿ ಉಟ್ಟು ಒಳಗಿನ ಒಲೆಯ ಮುಂದೆ ಕೂಡುತ್ತಿದ್ದಳು. ಇಪ್ಪತ್ತು ಬಾಣಂತಿಯರನ್ನು ಮುಟ್ಟಿ ಬಂದರೂ ಅದು ನೀರಿಗೆ ಹೋಗುವ ಮೈಲಿಗೆ ಎಂದು ಅವ್ವ ತೀರ್ಮಾನ ಮಾಡಿದ್ದಳು. ಸಮುದ್ರದ ಮಾತು ಬೇರೆ. ನಮ್ಮ ದೂರದ ನೆಂಟನೊಬ್ಬ ವಕೀಲಿಕೆ ಓದಿ ವಿಲಾಯತಿಯಿಂದ ಬಂದಾಗ, ಅವನು ತಂದ ಹಣ್ಣನ್ನು ಅವ್ವ ವಾಡೆಯ ಎಮ್ಮೆಗೆ ಹಾಕಿಸಿದ್ದಳು. ಎಮ್ಮೆಯ ಹಾಲನ್ನು ಮೂರು ದಿವಸ ನಾವು ತೆಗೆದುಕೊಳ್ಳಲಿಲ್ಲ.

ಹೀಗಾಗಿ ತಂಗಿ ಹಡಗು ಹತ್ತಿದರೆ ಒಲೆಯ ಮುಂದಿನ ಜಾಗ ಹೋಯಿತೆಂದೇ ಲೆಕ್ಕ. ನಲವತ್ತರ ವಿಧವೆಗೆ ಆ ಜಾಗವೇ ಮನೆಯಲ್ಲಿ ಅವಳದೆಂದು ಹೇಳಿಕೊಳ್ಳುವಂಥದ್ದು.

"ಅವ್ವಗ ನಾನ ಹೇಳತೇನಿ," ಅಂದಳು ತಂಗಿ.

"ಬ್ಯಾಡ, ಹೊತ್ತು ನೋಡಿ ನಾ ಹೇಳತೇನಿ," ಅಂದೆ.

ಹೊತ್ತು ನೋಡುವುದರಲ್ಲಿ ನಾನು ಪಳಗಿದವನು. ಮಳೆ ಬಂದೀತೆಂದು ಬೇಸಿಗೆಯಲ್ಲಿ ಕೊಡೆ ಒಯ್ಯುತ್ತೇನೆ, ಕದ್ದಾರೆಂದು ಅದನ್ನು ಬಿಚ್ಚುವುದಿಲ್ಲ. ತಂಗಿ ಹೊರಡುವಾಗ "ಕಲೀಲಿಕ್ಕೆ ದೂರ ಹೊಂಟೇನವ್ವಾ" ಎಂದಷ್ಟೇ ಹೇಳಿ ನಮಸ್ಕಾರ ಮಾಡಿದಳು. ಅವ್ವ ತನ್ನ ಸ್ವಂತದ ಧಾಬಳಿಯನ್ನು ಮಡಚಿ ಕೊಟ್ಟಳು. ಥಂಡಿಗೂ ಆದೀತು, ಮಡಿಗೂ ಆದೀತು. ಟಾಂಗಾ ಹೋದ ಮೇಲೆ ನನ್ನ ಕಡೆ ತಿರುಗಿದಳು.

"ದೂರ ಅಂದ್ರ ಎಲ್ಲೆ?"

"ಉತ್ತರದ ಕಡೆ."

"ಉತ್ತರ ಅಂದ್ರ ಕಾಶಿ ಏನು?"

"ಹೂಂ," ಅಂದೆ. ಒಂದೇ ಅಕ್ಷರ. ಅದರ ಮೇಲೆ ಒಂಬತ್ತು ತಿಂಗಳ ಕಟ್ಟಡ ಎದ್ದಿತು.

ಸರಕಾರಿ ಕಚೇರಿಯಲ್ಲಿ ನನ್ನ ಕೆಲಸ, ಕನ್ನಡ ಜಿಲ್ಲೆಗಳಿಂದ ಬಂದ ಅರ್ಜಿಗಳನ್ನು ಇಂಗ್ಲಿಷಿಗೆ ತರ್ಜುಮೆ ಮಾಡುವುದು. ಒಂದು ಮಾತು ಹೆಚ್ಚುಕಡಿಮೆ ಆದರೆ ಸಾಹೇಬರು ಕೆಂಪು ಗೆರೆ ಎಳೆಯುತ್ತಿದ್ದರು. ಹಗಲೆಲ್ಲ ಹೀಗೆ ಅಕ್ಷರಕ್ಕಕ್ಷರ ಪ್ರಾಮಾಣಿಕನಾಗಿದ್ದು ಸಂಜೆ ಮನೆಗೆ ಬಂದು ಲಂಡನ್ನನ್ನು ಪ್ರಯಾಗ ಮಾಡುತ್ತಿದ್ದೆ, ಎಡಿನ್‌ಬರೋವನ್ನು ಕಾಶಿ ಮಾಡುತ್ತಿದ್ದೆ. ಎಡಿನ್‌ಬರೋದ ನಡುವೆ ಬಂಡೆಯ ಮೇಲೆ ಕೋಟೆಯಿದೆ, ದಿನಾ ಮಧ್ಯಾಹ್ನ ಒಂದಕ್ಕೆ ತೋಪು ಹಾರಿಸುತ್ತಾರೆ, ಊರೆಲ್ಲ ಗಡಿಯಾರ ತಿದ್ದಿಕೊಳ್ಳುತ್ತದೆ ಎಂದು ತಂಗಿ ಬರೆದಿದ್ದಳು. "ಮಹಾಮಂಗಳಾರತಿಗೆ ತೋಪು ಹಾರಸ್ತಾರ," ಎಂದು ಓದಿದೆ. ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ ಎಂದಿದ್ದಳು. ಅದಕ್ಕೆ ಏನೂ ಹೊಳೆಯದೆ ಹಾಗೇ ಓದಿಬಿಟ್ಟೆ.

"ಕಾಶೀಯೊಳಗ ಕತ್ತಲಿ ಹ್ಯಾಂಗ ಬಂದೀತು," ಅಂದಳು ಅವ್ವ.

ಅವಳಿಗೆ ಓದದೆ ಬಿಟ್ಟ ಸಾಲುಗಳು ಬೇರೆ ಇದ್ದವು. ಅವು ನನ್ನ ಎದೆಯಲ್ಲೇ ಕುಳಿತವು. ಲಂಡನ್ ಸ್ಟೇಶನ್ನಿನಲ್ಲಿ ಒಬ್ಬ ಬಿಳಿಯ ಮುದುಕ ಅವಳ ಟ್ರಂಕು ಹೊತ್ತು, ಟೊಪ್ಪಿಗೆ ಮುಟ್ಟಿ 'ಮೇಡಂ' ಅಂದನಂತೆ. ಇನ್ನೊಬ್ಬ ಎದೆಯ ಮೇಲೆ ಹಿಂದಿನ ಯುದ್ಧದ ಪದಕಗಳನ್ನು ಹಾಕಿಕೊಂಡು ಬೀದಿಯಲ್ಲಿ ಕಡ್ಡಿಪೆಟ್ಟಿಗೆ ಮಾರುತ್ತಿದ್ದನಂತೆ. ಎಡಿನ್‌ಬರೋದಲ್ಲಿ ಬಿಳಿಯ ಹೆಂಗಸರು ಮೊಣಕಾಲೂರಿ ಮಂದಿಯ ಮನೆಯ ಮೆಟ್ಟಿಲು ತಿಕ್ಕುತ್ತಾರಂತೆ. ಗ್ಲಾಸ್ಗೋದಲ್ಲಿ ಹಡಗು ಕಟ್ಟುವ ಕೆಲಸ ನಿಂತು, ಗಂಡಸರು ಸಾಲಾಗಿ ಗೋಡೆಗೆ ಆನಿಕೊಂಡು, ಕಿಸೆಯಲ್ಲಿ ಕೈ ಹಾಕಿ, ಹಗಲೆಲ್ಲ ಸುಮ್ಮನೆ ನಿಂತಿರುತ್ತಾರಂತೆ. ಪುಣೆಯ ದಂಡಿನ ಕ್ಯಾಂಪಿನಲ್ಲಿ ಎದುರಿಗೆ ಒಬ್ಬ ಗೋರಾ ಸೋಜರ ಬಂದರೆ ಚರಂಡಿಯ ಆಚೆ ಹಾರಿ ನಿಲ್ಲುವವನು ನಾನು. ಓದಿ ಒಂದು ತಂಬಿಗೆ ನೀರು ಕುಡಿದೆ. ಮರುದಿನ ಕಚೇರಿಯಲ್ಲಿ ಸಾಹೇಬರು ಕೆಂಪು ಗೆರೆ ಎಳೆಯುವಾಗ, ಇವರ ತಾಯಿಯೂ ಎಲ್ಲೋ ಮೆಟ್ಟಿಲು ತಿಕ್ಕುತ್ತಿರಬಹುದೇ ಎಂಬ ವಿಚಾರ ಬಂತು. ಮನಸ್ಸಿನಲ್ಲಿ ಇಂಥದು ಬಂದದ್ದಕ್ಕೂ ನೌಕರಿ ಹೋದೀತೇ ಎಂದು ಎರಡು ದಿವಸ ಹೆದರಿದ್ದೆ.

ನಾನು ಗಯಾ ಮಾಡಿದ್ದ ಡಬ್ಲಿನ್ನಿನ ಕಾಗದಗಳು ಬರತೊಡಗಿದ ಮೇಲೆ ಹೊಸ ಸಂಕಟ. ಅಲ್ಲಿಯ ತನಕ ಸ್ಟಾಂಪಿನ ಮೇಲೆ ರಾಜನ ಮುಖವಿತ್ತು. ಪ್ರಯಾಗಕ್ಕೂ ಅವನೇ ರಾಜ, ಲಂಡನ್ನಿಗೂ ಅವನೇ, ಯಾರಿಗೂ ಅನುಮಾನವಿಲ್ಲ. ಅವ್ವನಿಗೆ ಅಕ್ಷರ ಬಾರದು, ಆದರೆ ಕಣ್ಣು ಚುರುಕು.

"ರಾಜಾ ಎಲ್ಲೆ ಹೋದ?" ಅಂದಳು, ಹಸಿರು ಸ್ಟಾಂಪನ್ನು ಬೆರಳಿನಿಂದ ತಿಕ್ಕಿ.

"ಗಯಾಕ್ಕ ಬ್ಯಾರೆ ಸಂಸ್ಥಾನದ ಸ್ಟಾಂಪು."

"ಗಯಾದಾಗ ಮೂರು ದಿವಸದ ಕೆಲಸ. ಇಕಿ ಆರು ತಿಂಗಳು ಏನ ಮಾಡತಾಳ?"

"ಧರ್ಮಶಾಲಾದ ದವಾಖಾನಿಯೊಳಗ ಸೇವಾ."

ನಿಜವಾಗಿ ರಾಜ ಎಲ್ಲಿಗೆ ಹೋದನೆಂಬುದು ಕಾಗದದ ಒಳಗೇ ಇತ್ತು. ಡಬ್ಲಿನ್ನಿನ ಮಂದಿ ತಮ್ಮ ದೇಶದಿಂದ ಇಂಗ್ಲಿಷರನ್ನು ಕಳಿಸಿಕೊಟ್ಟು ಹತ್ತು ಹನ್ನೆರಡು ವರ್ಷವಾಯಿತಂತೆ. ಬೀದಿಯ ಕೆಂಪು ಟಪಾಲು ಪೆಟ್ಟಿಗೆಗಳಿಗೆ ಹಸಿರು ಬಣ್ಣ ಬಳಿದಿದ್ದಾರಂತೆ. ಬಣ್ಣದ ಕೆಳಗೆ ರಾಜನ ಮುದ್ರೆ ಇನ್ನೂ ಕೈಗೆ ಹತ್ತುತ್ತದಂತೆ. ನಾನು ಎದ್ದು ಕಿಟಕಿ ಮುಚ್ಚಿದೆ.

"ಇಷ್ಟ ಸೆಕಿಯೊಳಗ ಕಿಡಕಿ ಯಾಕ ಹಾಕ್ತೀರಿ?" ಅಂದಳು ಹೆಂಡತಿ.

"ಪೊಲೀಸರು ಕೇಳ್ಯಾರು."

"ಬಣ್ಣಾ ಬಳದವರು ಅವರು. ಓದೋರಿಗೆ ಏನ ಮಾಡತಾರ?"

ವಾಡೆಯ ಕೆಳಮನೆಯಲ್ಲಿ ಮರಾಠಿ ಆಜಿಯೊಬ್ಬಳಿದ್ದಳು, ಎರಡು ಸಲ ಕಾಶಿಗೆ ಹೋಗಿ ಬಂದವಳು. ನಾನು ಓದಿದ್ದನ್ನೆಲ್ಲ ಅವ್ವ ಮಧ್ಯಾಹ್ನ ಅವಳಿಗೆ ಮರಾಠಿಯಲ್ಲಿ ಹೇಳುತ್ತಿದ್ದಳು. ಮಗಳು ಯಾವ ಘಾಟಿನ ಹತ್ತಿರ ಇಳಿದಿದ್ದಾಳೆ ಎಂದು ಆಜಿ ಕೇಳಿ ಕಳಿಸಿದಳು. ಮುಂದಿನ ಕಾಗದದಲ್ಲಿ ಬಂದೀತು ಅಂದೆ. ಮುಂದಿನದರಲ್ಲೂ ಬರಲಿಲ್ಲ.

ಪುಷ್ಯ ಮಾಸದಲ್ಲಿ ಅವ್ವ ನನ್ನನ್ನು ಕರೆದು ಹೇಳಿದಳು: ಮಗಳು ಬಂದ ಮೇಲಿನ ರವಿವಾರ ಕಾಶಿ ಸಮಾರಾಧನೆ. ಕಾಶಿಗೆ ಹೋಗಿ ಬಂದವರು ನೆಂಟರಿಷ್ಟರಿಗೆ ಊಟ ಹಾಕಿ, ತಂದ ಗಂಗೆಯನ್ನು ಎಲ್ಲರ ಕೈಗೆ ಹನಿಸಬೇಕಲ್ಲ. ವಾಡೆಯವರು, ನಮ್ಮ ಕಡೆಯವರು ಸೇರಿ ಮೂವತ್ತು ಎಲೆ. ಆಗಲೇ ಎಲ್ಲರಿಗೂ ಹೇಳಿಯಾಗಿತ್ತು.

ಆಗ ನಾನು ನನ್ನ ಜೀವಮಾನದ ಅತ್ಯಂತ ಧೈರ್ಯದ ಕೆಲಸ ಮಾಡಿದೆ, ತಪ್ಪು ದಿಕ್ಕಿನಲ್ಲಿ. ಮುಠಾ ಹೊಳೆಯ ದಂಡೆಯ ಗುಡಿಯ ಮುಂದೆ ಕುಳಿತ ಗೋಸಾವಿ ಬೈರಾಗಿಯಿಂದ ಮುಚ್ಚಿದ ತಾಮ್ರದ ಗಂಗೆಯ ಗಿಂಡಿಯೊಂದನ್ನು ಕೊಂಡೆ. ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ಸ್ಟೇಶನ್ನಿಗೆ ಹೋದೆ. ಮುಂಬಯಿಯ ರೈಲಿನಿಂದ ತಂಗಿ ಇಳಿದಳು. ತೆಳ್ಳಗಾಗಿದ್ದಳು. ಟ್ರಂಕಿನ ಮೈತುಂಬ ಹಡಗಿನ ಚೀಟಿಗಳು.

"ಅವ್ವಗ ಹೇಳೀಯಲ್ಲ?"

"ಹೇಳೇನಿ. ಒಂದ ರೀತಿ."

"ಯಾವ ರೀತಿ?"

ಗಿಂಡಿ ಮುಂದೆ ಚಾಚಿದೆ. ಟಾಂಗಾದಲ್ಲಿ ಎಲ್ಲ ಹೇಳಿದೆ. ವಾಡೆಯ ಬಾಗಿಲಲ್ಲಿ ಇಳಿಯುವಾಗ, "ಅದನ್ನ ನಾ ಹಿಡಕೊಳ್ಳಂಗಿಲ್ಲ, ಅಣ್ಣಾ," ಅಂದಳು.

ಹಾಗಾಗಿ ಗಿಂಡಿಯನ್ನು ಹಿಡಿದು ಒಳಗೆ ಹೋದವನು ನಾನು. ಅವ್ವ ಕೈ ಚಾಚಿ ಅದನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

"ಹೋದಾಕಿ ಆಕಿ. ನಿನ್ನ ಕೈಯಾಗ ಯಾಕೋ?"

"ಅವ್ವಾ, ನಾ ಕಾಶಿಗೆ ಹೋಗಿಲ್ಲ," ಅಂದಳು ತಂಗಿ, ಹೊಸ್ತಿಲ ಹೊರಗೆ ನಿಂತು. "ಸಮುದ್ರಾ ದಾಟಿ ಹೋಗಿದ್ದೆ. ವಿಲಾಯತಿಗೆ."

ಅವ್ವ ಗಿಂಡಿಯನ್ನು ತುಳಸೀಕಟ್ಟೆಯ ಮೇಲೆ ಇಟ್ಟಳು. ತಂಗಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

"ಮತ್ತ ನೀ ಓದಿದ್ದು?"

ನಾನು ಇದುವರೆಗೆ ಕೇಳಿಸಿಕೊಂಡ ಪ್ರಶ್ನೆಗಳಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ. ಸಮುದ್ರಕ್ಕೆ ಅವಳು ಬೆಚ್ಚಿಬೀಳುತ್ತಾಳೆಂದು ಒಂಬತ್ತು ತಿಂಗಳು ಹೆದರಿದ್ದೆ. ಅವಳು ಬೆಚ್ಚಿದ್ದು ನನಗೆ. "ದಿನಾ ಕೈ ಮುಗದೆ," ಅಂದಳು. "ಯಾವುದಕ್ಕ ಮುಗದೆ?" ಒಳಗೆ ಹೋಗಿ ಅಡಿಗೆಮನೆಯ ಬಾಗಿಲು ಹಾಕಿಕೊಂಡಳು.

ಎರಡು ದಿವಸ ತಂಗಿ ಪಡಸಾಲೆಯಲ್ಲಿ ಟ್ರಂಕಿನ ಪಕ್ಕ ಮಲಗಿದಳು, ಹೆಂಡತಿ ಮಾಡಿದ್ದನ್ನು ಉಂಡಳು. ಒಳಗಿನ ಒಲೆಯ ಮುಂದೆ ಅವ್ವ ಒಬ್ಬಳೇ ಗಂಜಿ ಕಾಯಿಸಿಕೊಂಡಳು. ಮೂರನೆಯ ಮುಂಜಾನೆ ಬಾಗಿಲು ತೆರೆಯಿತು. ಅವ್ವ ಹೊಸ್ತಿಲ ಒಳಗೆ ಕುಳಿತಿದ್ದಳು.

"ಕಾಗದಾ ತಗೊಂಡ ಬಾ," ಅಂದಳು ತಂಗಿಗೆ. "ಮೊದಲಿಂದ ಓದು. ಇವ ಬ್ಯಾಡ."

ತಂಗಿ ಹೊಸ್ತಿಲ ಹೊರಗೆ ಕುಳಿತು ಓದಿದಳು. ನಾನು ಕಂಬದ ಮರೆಯಲ್ಲಿ ನಿಂತೆ. ನಡೆಯುವ ಮೆಟ್ಟಿಲು ಬಂತು. "ಬಿದ್ದಿ ಏನು?" ಅಂದಳು ಅವ್ವ. "ಇಲ್ಲ." ಪದಕ ಹಾಕಿಕೊಂಡು ಕಡ್ಡಿಪೆಟ್ಟಿಗೆ ಮಾರುವವನು ಬಂದ. ಅವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಅವಗ ಮಕ್ಕಳಿಲ್ಲೇನು?"

ಡಬ್ಲಿನ್ನಿನ ಒಂದು ಕಾಗದವನ್ನು ನಾನು ನೆಟ್ಟಗೆ ಓದಿರಲೇ ಇಲ್ಲ. ಹೆರಿಗೆಯ ಸುದ್ದಿ ಬಂದಲ್ಲಿ ಕಣ್ಣು ಹಾರಿಸುವುದು ನನ್ನ ಚಾಳಿ. ತಂಗಿ ಈಗ ಅದನ್ನೇ ಓದಿದಳು: ಹಿಂದೊಮ್ಮೆ ಸರದಾರರಿದ್ದ ದೊಡ್ಡ ದೊಡ್ಡ ಮನೆಗಳು, ಮಾಳಿಗೆಗೆ ಗಾರೆಯ ಹೂಬಳ್ಳಿ. ಈಗ ಕೋಣೆಗೊಂದು ಸಂಸಾರ, ಇಡೀ ಮನೆಗೆ ಅಂಗಳದಲ್ಲಿ ಒಂದೇ ನಳ. ಹಿಮ ಬೀಳುವಾಗ ಬರಿಗಾಲಿನ ಕೂಸುಗಳು. ತಂಗಿಯನ್ನು ಹೆರಿಗೆಗೆಂದು ಅಂಥ ಮನೆಗೆ ಕಳಿಸಿದರು. ಬಸುರಿ ನೀರು ತರಲು ಇಳಿದವಳು, ಮೇಲಿನ ಕೋಣೆಗೆ ಹತ್ತಲಾರದೆ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ಕೊಡ ಪಕ್ಕದಲ್ಲೇ ಇತ್ತು. ಕೂಸು ಅಲ್ಲೇ ಹುಟ್ಟಿತು. ಸುತ್ತಲಿಕ್ಕೆ ಅವರು ಹಳೆಯ ವರ್ತಮಾನ ಪತ್ರಿಕೆ ತಂದರು.

ತಂಗಿ ಓದುವುದನ್ನು ನಿಲ್ಲಿಸಿದಳು.

"ಪೇಪರಿನಾಗ ಸುತ್ತಿದ್ರೇನು?" ಅಂದಳು ಅವ್ವ.

"ಇಲ್ಲ. ನಿನ್ನ ಧಾಬಳಿಯೊಳಗ. ಅದನ್ನ ಅಲ್ಲೇ ಬಿಟ್ಟು ಬಂದೆ."

ಅವ್ವನ ಮಡಿ ಬಟ್ಟೆ, ಮ್ಲೇಚ್ಛರ ಮೆಟ್ಟಿಲ ಮೇಲೆ, ಹಸಿಕೂಸಿಗೆ. ಈಗ ಬಾಗಿಲು ಮುಚ್ಚುತ್ತದೆ, ಇನ್ನು ತೆರೆಯುವುದಿಲ್ಲ ಅಂದುಕೊಂಡೆ. ಕೆಟ್ಟದ್ದನ್ನು ಊಹಿಸುವುದರಲ್ಲಿ ನಾನು ಸಾಮಾನ್ಯವಾಗಿ ತಪ್ಪುವವನಲ್ಲ.

"ಕೂಸು ಉಳೀತೇನು?"

"ಉಳೀತು. ಹೆಣ್ಣು."

"ಬಾಣಂತಿಗೆ ಏನ ಕೊಟ್ರು?"

"ಚಹಾ."

"ಚಹಾ," ಅಂದಳು ಅವ್ವ. ವಿಲಾಯತಿಯ ಬಗ್ಗೆ ಅವಳಿಗೆ ನಿಜವಾಗಿ ಸಿಟ್ಟು ಬಂದದ್ದು ಆಗ. "ಅಳವಿ ಪಾಯಸಾ ಇಲ್ಲ, ತುಪ್ಪಾ ಇಲ್ಲ?"

"ಅಲ್ಲೆ ಸಿಗಂಗಿಲ್ಲವ್ವಾ."

ಅವ್ವ ಗೋಡೆ ಹಿಡಿದು ಎದ್ದಳು. "ರವಿವಾರ ಮೂವತ್ತು ಎಲಿ. ನನಗೊಬ್ಬಾಕಿಗೆ ನೀಗೂದಿಲ್ಲ. ಹೋಗಿ ಜಳಕಾ ಮಾಡು." ತಂಗಿ ಎದ್ದಳು. "ಸಮುದ್ರದ ಮೈಲಿಗಿ ನೀರಿಗೆ ಹೋಗತದೋ ಇಲ್ಲೋ ನನಗ ತಿಳೀದು," ಎಂದಳು ಅವ್ವ ಹಿಂದಿನಿಂದ. "ಎರಡ ಸಲ ಮಾಡು."

ಕಂಬದ ಹಿಂದಿನಿಂದ ನಾನು ಈಚೆ ಬಂದೆ. ಅವ್ವ ನನ್ನನ್ನು ನೋಡಿದಳು.

"ನಿನ್ನ ತಾಟು ಪಡಸಾಲ್ಯಾಗ," ಅಂದಳು.

ಅವ್ವ ಮನೆಮನೆಗೆ ಹೋಗಿ, ಮಗಳು ಹೋಗಿದ್ದು ಕಾಶಿಗಲ್ಲ, ವಿಲಾಯತಿಗೆ, ಊಟ ಮಾತ್ರ ಇದೆ ಎಂದು ತಾನೇ ಹೇಳಿ ಬಂದಳು. ರವಿವಾರ ಮೂವತ್ತು ಎಲೆಗಳಲ್ಲಿ ಹದಿನಾಲ್ಕು ಖಾಲಿ ಉಳಿದವು. ಕೆಳಮನೆಯ ಆಜಿ ಬಂದಳು. ಬಡಿಸುತ್ತಿದ್ದ ತಂಗಿಯನ್ನು ನೋಡುತ್ತ, ಅವಳು ಅಲ್ಲಿ ಯಾವ ಊರಲ್ಲಿದ್ದಳು, ಏನು ನೋಡಿದಳು ಎಂದು ಅವ್ವನನ್ನು ಕೇಳಿದಳು. ಅವ್ವ ಮರಾಠಿಯಲ್ಲಿ ಮೊದಲಿನಿಂದ ಶುರು ಮಾಡಿದಳು: ನಡೆಯುವ ಮೆಟ್ಟಿಲು, ಪದಕದ ಮುದುಕ, ಬಣ್ಣ ಬಳಿದ ಪೆಟ್ಟಿಗೆ. ಒಂದು ಸಾಲೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ನನ್ನ ಸಾಹೇಬರು ಕೇಳಿದ್ದರೆ ಎಲ್ಲೂ ಕೆಂಪು ಗೆರೆ ಎಳೆಯುತ್ತಿರಲಿಲ್ಲ.

ಇದನ್ನೆಲ್ಲ ನಾನು ಪಡಸಾಲೆಯಲ್ಲಿ ಒಬ್ಬನೇ ಕುಳಿತು, ಕಿವಿಗೊಟ್ಟು, ಉಣ್ಣುತ್ತ ಕೇಳಿದೆ. ಸಮುದ್ರವಿರಲಿ, ಮುಠಾ ಹೊಳೆಯ ಸೇತುವೆ ಲಕಡಿ ಪೂಲನ್ನು ದಾಟಲಿಕ್ಕೂ ಎರಡು ಸಲ ಯೋಚಿಸುವ ನನ್ನ ತಾಟು ಯುಗಾದಿಯ ತನಕ ಅಲ್ಲೇ ಇತ್ತು. ತಂಗಿಯೇ ಬಡಿಸುತ್ತಿದ್ದಳು. ಮಡಿಯಲ್ಲಿದ್ದಳಲ್ಲ, ನನ್ನನ್ನು ಮುಟ್ಟದ ಹಾಗೆ, ಮೇಲಿನಿಂದ.