ಗೋಮಾಳದ ಹೊರೆಗಲ್ಲು

ಕಳೆದ ಭಾನುವಾರ, ಬೆಳಗಿನ ಹೊತ್ತು. ಆಧಾರ: ನಮ್ಮೂರಿನ ಸರ್ವೆ ನಕಾಶೆಯ ದೃಢೀಕೃತ ನಕಲು. (ದಿನವನ್ನೂ ಆಧಾರವನ್ನೂ ಹೇಳದೆ ಮಾತು ಆರಂಭಿಸಲು ನನಗೆ ಬರುವುದಿಲ್ಲ. ಶಾಸನ ಸಂಶೋಧಕ ನಿವೃತ್ತನಾದ, ಚಾಳಿ ನಿವೃತ್ತವಾಗಲಿಲ್ಲ.)

ಹಳೇಬೀಡಿನಿಂದ ಅರಸೀಕೆರೆಯ ಕಡೆಗೆ ಹೋಗುವಾಗ ಸಿಗುತ್ತದೆ ನಮ್ಮೂರು. ಊರ ಹಿಂದಿನ ಗೋಮಾಳದಲ್ಲಿ ಸೋಲಾರ್ ಘಟಕ ಬರಲಿದೆ. ನೆಲ ಸಮತಟ್ಟು, ಮರದ ನೆರಳಿಲ್ಲ, ವಿದ್ಯುತ್ ಲೈನ್ ಹತ್ತಿರ. ಯೋಜನೆಗೆ ಇನ್ನೇನು ಬೇಕು? ನಾನೇನೂ ವಿರೋಧಿಯಲ್ಲ. (ನನ್ನ ಸ್ನಾನದ ನೀರು ಕಾಯುವುದೂ ತಾರಸಿಯ ಸೋಲಾರ್‌ನಿಂದಲೇ.) ಆದರೆ ಘಟಕಕ್ಕೆ ಬೇಲಿ ಬೇಕು. ಗೋಮಾಳವನ್ನು ದಾಟಿ ಹೋಗುವವರು?

ಈ ಪ್ರಶ್ನೆಯನ್ನು ಫೋನಿನಲ್ಲಿ ಎತ್ತಿದವಳು ಗೌರಮ್ಮ. ಬಾಲ್ಯದಲ್ಲಿ ನಮ್ಮ ನೆರೆಮನೆಯವಳು. ಈಗಲೂ ಹಸು ಕಟ್ಟಿಕೊಂಡು ಬದುಕುತ್ತಿರುವವಳು.

"ಅಣ್ಣ, ಬೇಲಿ ಹಾಕ್ಬುಟ್ರೆ ದನ ಕೆರೆಗೆ ಹೆಂಗ್ ಹೋದಾವು? ರೆಕ್ಕೆ ಕಟ್ಲಾ? ಊರೂರಿನ ಕಲ್ಲೆಲ್ಲಾ ಓದ್ದೋನು ನೀನು, ನಮ್ಮೂರ ದಾರಿ ಒಂದ್ಸಲ ಓದು ಬಾ."

ಹೋದೆ. ಹೋಗಲು ನನ್ನದೇ ಆದ ಕಾರಣವೂ ಇತ್ತು.

ಗೋಮಾಳದ ನಡುವೆ ಒಂದು ಹೊರೆಗಲ್ಲಿದೆ. ಎರಡು ನಿಲುವುಗಲ್ಲು, ಮೇಲೊಂದು ಅಡ್ಡ ಚಪ್ಪಡಿ. ತಲೆಹೊರೆ ಹೊತ್ತವರು ಇನ್ನೊಬ್ಬರ ಕೈಗೆ ಕಾಯದೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಾವೇ ಹೊತ್ತುಕೊಳ್ಳುವಷ್ಟು ಎತ್ತರ. ತವರೂರು ಹುಲಿಕೆರೆಗೆ ಹೋಗುವಾಗ ಅಮ್ಮ ಅದರ ಮೇಲೆ ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಅಂಗೈಗೆ ಹುರಿಗಡಲೆ ಹಾಕುತ್ತಿದ್ದಳು. ಅಮ್ಮನ ಫೋಟೊ ಒಂದೂ ನಮ್ಮಲ್ಲಿಲ್ಲ. ಆ ಕಲ್ಲಿನ ಪಕ್ಕ ನಿಂತಾಗ ಮಾತ್ರ ಅವಳ ಎತ್ತರ ನನಗೆ ನೆನಪಾಗುತ್ತದೆ.

ಗೌರಮ್ಮನೊಡನೆ ಕಲ್ಲಿನ ಬಳಿ ಹೋದಾಗ ಘಟಕದ ಯುವ ಎಂಜಿನಿಯರ್ ಅಲ್ಲೇ ಇದ್ದಳು. ಸಭ್ಯ ಹುಡುಗಿ.

"ಸೈಟ್ ಪ್ಲಾನ್ ಇನ್ನೂ ಫೈನಲ್ ಆಗಿಲ್ಲ ಸರ್. ನಕಾಶೆಯಲ್ಲಿ ದಾರಿ ಇದ್ರೆ ಅಷ್ಟು ಅಗಲ ಬಿಟ್ಟೇ ಬೇಲಿ ಹಾಕ್ತೀವಿ. ಈ ಕಲ್ಲನ್ನ ಸ್ಕೂಲ್ ಕಾಂಪೌಂಡಿಗೆ ಶಿಫ್ಟ್ ಮಾಡಿ, ಪೇಂಟ್ ಹೊಡೆಸಿ ಕೊಡ್ತೀವಿ."

(ಪೇಂಟ್!)

"ದಾರಿ ಇದ್ದದ್ದೇ ಈ ಕಲ್ಲಿನ ಪಕ್ಕದಲ್ಲಮ್ಮ. ನಾನೇ ನಡೆದಿದ್ದೇನೆ."

"ನೀವು ನಡೆದಿದ್ದನ್ನ ಪ್ಲಾನಲ್ಲಿ ಹೇಗೆ ತೋರಿಸ್ಲಿ ಸರ್?"

ನ್ಯಾಯವಾದ ಪ್ರಶ್ನೆ. ಜೀವಮಾನವಿಡೀ ನಾನು ಇತರರನ್ನು ಕೇಳಿದ್ದೂ ಇದನ್ನೇ ಅಲ್ಲವೇ?

ಕಲ್ಲಿನ ಮೇಲೆಯೇ ನಾನು ತಂದಿದ್ದ ನಕಾಶೆ ಹರಡಿದೆವು. ದಾರಿ ಇತ್ತು! ಆದರೆ ಕಲ್ಲಿನ ಬಳಿಯಲ್ಲಿ ಅಲ್ಲ. ಗೋಮಾಳದ ಅಂಚನ್ನು ಬಳಸಿಕೊಂಡು ಕೆರೆ ಏರಿಯನ್ನು ಸೇರುವ ಚುಕ್ಕೆಗೆರೆ ಅದು. ಗೌರಮ್ಮನ ಮುಖ ಅರಳಿತು.

"ದನಕ್ಕೆ ನೀರು ಸಿಕ್ತು ಕಣಣ್ಣ! ಕೊಟ್ಬುಡು ಆ ಕಾಗ್ದಾವ."

"ಕಲ್ಲಿನ ದಾರಿ?"

"ನಿನ್ ಕಲ್ಲೇನು ಹಾಲು ಕರೀತೈತಾ? ಎಲ್ಡು ದಾರಿ ಕೇಳಿದ್ರೆ ಒಂದೂ ಕೊಡಕಿಲ್ಲ." ಬಳಿಕ ದನಿ ತಗ್ಗಿಸಿದಳು. "ನಿಮ್ಮವ್ವ ಇದ್ದಿದ್ರೂ ಇದ್ನೇ ಹೇಳೋರು."

ಕೊಟ್ಟೆ.

ಗೌರಮ್ಮ ಅಷ್ಟಕ್ಕೇ ಬಿಡಲಿಲ್ಲ. ಎಂಜಿನಿಯರ್ ಕಡೆ ತಿರುಗಿ, "ಸ್ಕೂಲಿಗ್ಯಾಕವ್ವ ಹೊರೆಗಲ್ಲು? ಮಕ್ಳು ಸೌದೆ ಹೊತ್ಕೊಂಡು ಬತ್ತಾವಾ? ನೀವು ಬಿಡೋ ದಾರಿ ಪಕ್ಕಕ್ಕೆ ನಿಲ್ಸಿ. ಹುಲ್ಲಿನ ಹೊರೆ ನಾನು ಇಳಿಸ್ಕಂತೀನಿ. ಬಣ್ಣಗಿಣ್ಣ ಏನೂ ಬ್ಯಾಡ" ಎಂದಳು. ಹುಡುಗಿ ನಕ್ಕು ಒಪ್ಪಿದಳು.

ಸೋಲಾರ್ ಘಟಕ ಯೋಜಿಸುವವರು ಬಿಸಿಲನ್ನು ಅಳೆಯುತ್ತಾರೆ. ನೆಲದ ಇಳಿಜಾರು, ಮಳೆನೀರು ಹರಿಯುವ ದಿಕ್ಕು, ಎಲ್ಲವನ್ನೂ ನೋಡುತ್ತಾರೆ, ನೋಡಲೇಬೇಕು. ನಕಾಶೆ ಬಿಡಿಸುವ ಮೊದಲು ಒಂದು ಸಂಜೆ ಸುಮ್ಮನೆ ನಿಂತು, ದನ ಮತ್ತು ಜನ ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆಂಬುದನ್ನೂ ನೋಡಬಾರದೇ? ಕಾಲುದಾರಿ ಹುಟ್ಟುವುದು ಕಾಲಿನಿಂದ. ಗೆರೆ ಎಳೆಯುವವನು ಬಂದ ದಿನ ಅಲ್ಲಿ ಯಾರೂ ನಡೆಯದಿದ್ದರೆ ಅದು ದಾರಿಯೇ ಅಲ್ಲವೇ?

ಹೊರಡುವ ಮುನ್ನ ಚಪ್ಪಡಿಯ ಮೇಲೆ ಕೈಯಾಡಿಸಿದೆ. ಹೊರೆಗಳು ಉಜ್ಜಿ ಉಜ್ಜಿ ನುಣುಪಾದ ಕಲ್ಲು, ಬಿಸಿಲಿಗೆ ಬೆಚ್ಚಗಿತ್ತು. ಅದರಲ್ಲಿ ಅಮ್ಮನ ಬುಟ್ಟಿಯ ಪಾಲೆಷ್ಟು?

ಮುಂದೆಂದಾದರೂ ನನ್ನಂಥ ಸಂಶೋಧಕನೊಬ್ಬ ಬಂದು ಪರಿಶೀಲಿಸಿದರೆ, ಕಲ್ಲು, ನಕಾಶೆ, ದಾರಿ ಮೂರೂ ಒಂದಕ್ಕೊಂದು ಕರಾರುವಾಕ್ಕಾಗಿ ಹೊಂದುತ್ತವೆ. ಅಮ್ಮ ನಡೆದ ದಾರಿಗೆ ಮಾತ್ರ ಆಧಾರವಿಲ್ಲ.