ಹಿಲ್ಡಾಳ ಎಡಗೈ

ನನ್ನ ಮಂಡಿಗೆ ವಯಸ್ಸಾಗಿದೆ, ಕಣ್ಣಿಗೂ ಆಗಿದೆ; ಹೊಟ್ಟೆಕಿಚ್ಚಿಗೆ ಮಾತ್ರ ಇನ್ನೂ ಹನ್ನೆರಡೇ ವರ್ಷ. ಅದು ಹುಟ್ಟಿದ್ದು ಉಡುಪಿ ಕಡೆಯ ನಮ್ಮ ಹುಡುಗಿಯರ ಶಾಲೆಯ ಬ್ಯಾಂಡಿನಲ್ಲಿ. ಸೈಡ್ ಡ್ರಮ್ ನನಗೇ ಎಂದು ಮನೆಯಲ್ಲೆಲ್ಲ ಸಾರಿ ಬಂದಿದ್ದೆ. ಸಿಸ್ಟರು ಅದನ್ನು ನನ್ನದೇ ಕ್ಲಾಸಿನ ಹಿಲ್ಡಾಳ ಹೆಗಲಿಗೆ ನೇತುಹಾಕಿ, ನನ್ನ ಕೈಗೆ ಎರಡು ಹಿತ್ತಾಳೆ ತಟ್ಟೆ ಕೊಟ್ಟರು. "ನಿನಗೆ ಹೆದರಿಕೆ ಜಾಸ್ತಿ ಮಗಾ. ಹೆದರುವವರು ಅವಸರ ಮಾಡ್ತಾರೆ. ನೀನು ನಾಲ್ಕು ಹೆಜ್ಜೆಗೊಮ್ಮೆ ಇದನ್ನು ಬಡಿ, ಸಾಕು." ನಾಲ್ಕು ಹೆಜ್ಜೆಗೊಮ್ಮೆ ಬಡಿಯುವವಳಿಗೆ ಮೂರು ಹೆಜ್ಜೆ ಬಿಡುವು. ಆ ಬಿಡುವಿನಲ್ಲೇ ಮೂರು ವರ್ಷ ಹಿಲ್ಡಾಳ ಎಡಗೈಯನ್ನು ನೋಡಿ ನೋಡಿ ಉರಿದುಕೊಂಡೆ.

ಈಗ ನನ್ನ ಮಗಳು ರಿಯಾ ಅದೇ ಡ್ರಮ್ ಬಾರಿಸುತ್ತಾಳೆ. ಇಲ್ಲಿ ಅಬುಧಾಬಿಯಲ್ಲಿ ಅದರ ಹೆಸರು ಸ್ನೇರ್. ಅವಳ ಕಾಲೇಜಿನಲ್ಲಿ ಡ್ರಮ್‌ಲೈನ್ ಎಂದು ಬರೀ ಡ್ರಮ್ಮಿನವರದೇ ಒಂದು ತಂಡ. ಸ್ನೇರಿಗೆ ಒಂದೇ ಜಾಗ ಖಾಲಿ. ಬೇಕಾದವರು ಒಂದು ತುಣುಕನ್ನು ತಾವೇ ಆರಿಸಿಕೊಂಡು, ಒಂಟಿಯಾಗಿ ನಿಂತು ಬಾರಿಸಿ ತೋರಿಸಬೇಕು. ಅವಳ ಮುಂದೆ ಎರಡು ತುಣುಕುಗಳಿದ್ದವು. ಒಂದು ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ, ಶುರುವಿನಿಂದ ಕೊನೆವರೆಗೂ ಪಟಪಟ. ಇನ್ನೊಂದು ನಿಧಾನದ್ದು, ಅದರ ಮೊದಲ ಉರುಳು, ಅಂದರೆ ಎರಡು ಕೋಲೂ ಎಡೆಬಿಡದೆ ಆಡುವ ಡ್ರಮ್ ರೋಲ್, ಎಷ್ಟು ಮೆತ್ತಗೆಂದರೆ, ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲ್ಯಾಟಿನ ಏಸಿ ನಿಲ್ಲಿಸಿದರೆ ಮಾತ್ರ ಕೇಳುತ್ತದೆ.

ನಿಧಾನದ್ದೇ ಬಾರಿಸು ಎಂದವರು ಅವಳ ಡ್ರಮ್ ಸರ್. ಫಿಲಿಪ್ಪೀನ್ಸಿನವರು, ದುಬೈಯ ಸತ್ವಾದಲ್ಲಿ, ಟೈಲರ್ ಅಂಗಡಿಯ ಹಿಂದಿನ ವಿಲ್ಲಾದ ಒಂದು ಕೋಣೆಯಲ್ಲಿ ಪಾಠ. ನಾನು ಕರೆದರೆ ಹಾಲ್‌ನಿಂದ ಅಡುಗೆಮನೆಗೆ ಬಾರದ ಹುಡುಗಿ, ಅವರ ಪಾಠಕ್ಕೆ ಪ್ರತಿ ಶನಿವಾರ ಅಬುಧಾಬಿಯಿಂದ ಬಸ್ಸು ಹತ್ತುತ್ತಾಳೆ. ಹಾಗಾಗಿ ನಾನು ತಕ್ಷಣ ಜೋರಿನ ತುಣುಕಿನ ಪಕ್ಷ ಸೇರಿದೆ. ನಿಧಾನದ್ದರಲ್ಲಿ ತಪ್ಪಿದರೆ ಎಲ್ಲರಿಗೂ ಕೇಳುತ್ತದೆ ಎಂಬುದು ನಾನು ಕೊಟ್ಟ ಕಾರಣ. ನಿಜವಾದ ಕಾರಣವನ್ನು ನೀವು ಆಗಲೇ ಹಿಡಿದಿರುತ್ತೀರಿ.

"ಅಷ್ಟು ಮೆತ್ತಗೆ ಬಾರಿಸಿದ್ರೆ ಡ್ರಮ್ಮೇ ಹಾಳಾಗಿದೆ ಅಂತ ಎಣಿಸ್ತಾರೆ ಬಾಯೆ."

"ಮಮ್ಮಾ, ಸರ್ ಸೇಸ್ ಎವ್ರಿಬಡಿ ವಿಲ್ ಪ್ಲೇ ದ ಫಾಸ್ಟ್ ಒನ್."

"ನಿನ್ನನ್ನು ಒಂಬತ್ತು ತಿಂಗಳು ಹೊತ್ತದ್ದು ನಿನ್ನ ಸರ್ರಾ?"

"ನೋ. ಬಟ್ ಹೀ ಕ್ಯಾನ್ ಪ್ಲೇ."

ಆದರೆ ಆ ಮೆತ್ತಗಿನ ಉರುಳು ಅವಳಿಗೆ ಕೂಡಿಬರಲಿಲ್ಲ. ಎರಡೂ ಕೋಲುಗಳನ್ನು ಒಂದೇ ರೀತಿ ಮೇಲಿನಿಂದ ಹಿಡಿಯುವುದು ಅವಳ ಅಭ್ಯಾಸ. ಎಡಗೈ ಮಾತ್ರ ಬಾಗಿಲು ತಟ್ಟಿದಂತೆ ಭಾರವಾಗಿ ಬೀಳುತ್ತಿತ್ತು. ಬಾರಿಸಿ ತೋರಿಸುವ ದಿನಕ್ಕೆ ಇನ್ನು ಮೂರು ವಾರವಿದೆ ಎನ್ನುವಾಗ ಕೋಲು ಬಿಸಾಡಿ, "ಖಲಾಸ್. ಫಾಸ್ಟ್ ಒನ್ನೇ ಬಾರಿಸ್ತೇನೆ" ಎಂದಳು. ನಾನು ಗೆದ್ದಿದ್ದೆ. ಆ ದಿನ ಕೋರಿ ರೊಟ್ಟಿ ಮಾಡಿದೆ.

ಮರುದಿನ ನನಗೆ ಆಸ್ಪತ್ರೆಯ ಕೆಲಸಕ್ಕೆ ರಜೆ. ಮಗಳು ಹೊರಟ ಮೇಲೆ, ಅವಳು ಅಭ್ಯಾಸ ಮಾಡುವ ರಬ್ಬರ್ ಪ್ಯಾಡಿನ ಮುಂದೆ ಸುಮ್ಮನೆ ಕೂತೆ. ಕೋಲು ಹಿಡಿದದ್ದೇ, ನನ್ನ ಎಡಗೈ ತಾನಾಗಿ ಅಂಗಾತ ಮಲಗಿತು. ಹಿಂದೆ ಸಿಪಾಯಿಗಳು ಈ ಡ್ರಮ್ಮನ್ನು ಹೆಗಲಿನಿಂದ ಇಳಿಬಿಡುತ್ತಿದ್ದರಂತೆ. ಅದು ತೊಡೆಗೆ ತಾಗಿ ಓರೆಯಾಗಿ ನಿಲ್ಲುವುದರಿಂದ ಎಡಗೈಯನ್ನು ಹೀಗೆ ತಿರುಗಿಸಲೇಬೇಕಿತ್ತು. ಡ್ರಮ್ಮು ನೆಟ್ಟಗಾಗಿ ಎಷ್ಟೋ ಕಾಲವಾಯಿತು, ಕೆಲವರ ಕೈ ಇನ್ನೂ ಆಗಿಲ್ಲ. ಹಿಲ್ಡಾಳ ಕೈ ಹಾಗೇ ಇತ್ತು. ಆ ಮೂರು ವರ್ಷ ರಾತ್ರಿ ಎರಡು ಕಡ್ಡಿ ಹಿಡಿದು ದಿಂಬಿನ ಮೇಲೆ ಅದನ್ನೇ ಕದ್ದು ಬಾರಿಸಿದ್ದೆ. ನನ್ನ ಕೈಯಲ್ಲಿ ಅವಳ ಕೈ ಎದ್ದು ಕೂತಿತು. ಉರುಳು ಬಂತು, ಮರಳು ಜಾರಿದಷ್ಟು ಮೆತ್ತಗೆ.

"ಮಮ್ಮಾ! ಡೂ ದಟ್ ಅಗೇನ್."

ಚಾರ್ಜರ್ ಮರೆತವಳು ವಾಪಸು ಬಂದು ಬಾಗಿಲಲ್ಲಿ ನಿಂತಿದ್ದಳು.

ಏನೋ ಕೈಯಾಡಿಸಿದೆ ಎಂದು ಎದ್ದುಬಿಡಬಹುದಿತ್ತು. ತೋರಿಸಿಕೊಟ್ಟರೆ ನಿಧಾನದ ತುಣುಕು ಗೆಲ್ಲುತ್ತದೆ, ಅಂದರೆ ಸರ್ ಗೆಲ್ಲುತ್ತಾರೆ. ತೋರಿಸದಿದ್ದರೆ ಇವಳು ಎಲ್ಲರಂತೆ ಸಾಸಿವೆ ಸಿಡಿಸಿ ಮನೆಗೆ ಬರುತ್ತಾಳೆ. ನಾಚಿಕೆಯ ಮಾತು, ನಾನು ಯೋಚಿಸಿದೆ. ಸ್ವಲ್ಪ ಹೊತ್ತೇ ಯೋಚಿಸಿದೆ. ಆಮೇಲೆ ಅವಳ ಮಣಿಕಟ್ಟು ಹಿಡಿದು ತಿರುಗಿಸಿದೆ. "ಇಗರ್ಜಿಯಲ್ಲಿ ಪ್ರಸಾದಕ್ಕೆ ಕೈಯೊಡ್ತೀಯಲ್ಲ, ಹಾಗೆ. ಹೊಡೀಬೇಡ. ಬೀಳ್ಲಿಕ್ಕೆ ಬಿಡು."

ವಾರದೊಳಗೆ ಅವಳು ನನಗಿಂತ ಚೆನ್ನಾಗಿ ಬಾರಿಸತೊಡಗಿದಳು. ಅದಕ್ಕೂ ಉರಿದುಕೊಂಡೆ. ನಿಧಾನದ್ದನ್ನೇ ಬಾರಿಸಿದಳು, ಆ ಒಂದು ಜಾಗ ಅವಳಿಗೇ ಸಿಕ್ಕಿತು. ಎಡಗೈ ಯಾರು ಕಲಿಸಿದ್ದು ಎಂದು ಅಲ್ಲಿ ಕೇಳಿದರಂತೆ. "ನನ್ನ ಮಮ್ಮಿ, ಸ್ಕೂಲ್ ಬ್ಯಾಂಡಲ್ಲಿ ಡ್ರಮ್ಮರ್ ಆಗಿದ್ರು" ಎಂದು ಹೇಳಿ ಬಂದಿದ್ದಾಳೆ. ನಾನು ತಿದ್ದಲಿಲ್ಲ. ಹಿಲ್ಡಾ ಎಲ್ಲಿದ್ದರೂ ಚೆನ್ನಾಗಿರಲಿ, ಇದನ್ನು ಮಾತ್ರ ಓದದಿರಲಿ.

ಅದೇ ಸಂಜೆ ಸತ್ವಾದ ಸರ್ ಫೋನ್ ಮಾಡಿದರು. "ಕಂಗ್ರಾಟ್ಸ್ ಮ್ಯಾಮ್. ನೀವು ಡ್ರಮ್ಮರ್ ಅಂತ ರಿಯಾ ಇಷ್ಟು ದಿನ ಹೇಳಲೇ ಇಲ್ಲ," ಎಂದು ಇಂಗ್ಲಿಷಿನಲ್ಲಿ ಅಂದರು. "ಆ ಉರುಳನ್ನು ಅವಳಿಗೆ ಕಲಿಸಲು ನಾನು ಎರಡು ತಿಂಗಳು ಒದ್ದಾಡಿದೆ, ಮ್ಯಾಮ್. ನನಗೆ ಆ ಹಿಡಿತ ಬರುವುದಿಲ್ಲ."

ಆ ದನಿಯನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯಬಲ್ಲೆ. ಅದಕ್ಕೂ ಹನ್ನೆರಡೇ ವರ್ಷ. ಅದರ ಕೈಯಲ್ಲೂ ಎರಡು ಹಿತ್ತಾಳೆ ತಟ್ಟೆ. ಒಮ್ಮೆ ಊಟಕ್ಕೆ ಬನ್ನಿ ಸರ್, ಎಂದೆ. ಬನ್ನಿ, ನಾನು ಹೇಳಿಕೊಡುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ. ಅವರೇ ಕೇಳಲಿ, ಇನ್ನು ಮೂರು ಹೆಜ್ಜೆ ಕಾಯುವುದು ನನಗೇನು ಹೊಸದೇ?