ಐದು ಸ್ಪೀಕರು, ಒಂದು ಗ್ರೈಂಡರು

ಬಜೆಟ್ ಹಾಕುವುದರಲ್ಲಿ ನನ್ನಷ್ಟು ಶಿಸ್ತಿನವನು ಮೂಡಿಗೆರೆ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಅದನ್ನು ಮೀರುವುದರಲ್ಲೂ ಅಷ್ಟೆ. ನಮ್ಮಂಥ ಸಣ್ಣ ಬೆಳೆಗಾರರ ಲೆಕ್ಕಾಚಾರವೇ ಹಾಗೆ. ಗಿಡದಲ್ಲಿ ಹೂವರಳಿಸುವ ಹೂಮಳೆ ಒಂದು ಹದವಾಗಿ ಬಿದ್ದರೆ ಸಾಕು, ಮುಂದಿನ ವರ್ಷದ ಕಾಫಿಯನ್ನು ಆಗಲೇ ಮಾರಿ, ದುಡ್ಡೆಣಿಸಿ, ಖರ್ಚೂ ಮಾಡಿ ಮುಗಿಸಿರುತ್ತೇವೆ, ಮನಸ್ಸಿನಲ್ಲಿ.

ಹೋಂ ಥಿಯೇಟರಿನ ಹುಚ್ಚು ಹತ್ತಿಸಿದವರು ವಸ್ತಾರೆಯ ಭಾವ, ನನ್ನ ಹೆಂಡತಿ ಸುಜಾತಳ ಅಣ್ಣ. ಆಗಿನ್ನೂ ಡಿವಿಡಿ ಹೊಸತು. ಅವರ ಮನೆಯಲ್ಲಿ ಸಿನಿಮಾ ನೋಡುವಾಗ ಕುದುರೆಗಳು ನನ್ನ ಬೆನ್ನ ಹಿಂದಿನಿಂದ ಓಡಿ ಬಂದವು. ನಾನು ತಿರುಗಿ ನೋಡಿದೆ. ಭಾವ ನಕ್ಕರು. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ಮನೆಗೆ ಬಂದವನೇ ಬಜೆಟ್ ಹಾಕಲು ಕೂತೆ: ಡಿವಿಡಿ ಪ್ಲೇಯರು, ಆಂಪ್ಲಿಫೈಯರು, ಐದು ಸ್ಪೀಕರು, ಗುಡುಗುವುದಕ್ಕೆಂದೇ ಒಂದು ದೊಡ್ಡ ಡಬ್ಬ, ನಮ್ಮೂರ ಕರೆಂಟಿಗೆ ಹೆದರಿ ಸ್ಟೆಬಿಲೈಸರು. ಸುಜಾತ ಇಣುಕಿ ನೋಡಿ, "ನನ್ನ ಗ್ರೈಂಡರು ಎಲ್ಲಿ?" ಎಂದಳು. ದೋಸೆಹಿಟ್ಟು ರುಬ್ಬಿ ರುಬ್ಬಿ ಅವಳ ತೋಳು ಸೋತಿತ್ತು. ತಕ್ಷಣ ಕೊನೆಗೆ ಸೇರಿಸಿದೆ: ಉಳಿದರೆ, ಗ್ರೈಂಡರು.

ಜಾಗವಿದ್ದದ್ದು ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ. ಅಲ್ಲಿ ಆ ವರ್ಷದ ಪಾರ್ಚ್‌ಮೆಂಟ್ ಕಾಫಿಯ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಬೀಜದ, ಮೂಟೆಗಳನ್ನು ಗೋಡೆಗೊತ್ತಿ ಪೇರಿಸಿದ್ದೆ. ಕಾಫಿ ಮಾರಿದ ಮೇಲೆ ದುಡ್ಡು ಎಂದು ಚಿಕ್ಕಮಗಳೂರಿನ ಅಂಗಡಿಯವರನ್ನು ಒಪ್ಪಿಸಿ, ಸೆಟ್ಟು ತಂದು ಮೂಟೆಗಳ ನಡುವೆಯೇ ಜೋಡಿಸಿದೆ. ಸೌಂಡು ಅಂದರೆ ಸೌಂಡು. ಪಿಸುಮಾತೂ ಕಿವಿಯಲ್ಲೇ ಹೇಳಿದ ಹಾಗೆ. ಭಾವನನ್ನು ಕರೆಸಿದೆ. ಅವರು ಸುಮ್ಮನೆ ಕೂತು ಕೇಳಿ, "ನಮ್ಮನೇದು ಹೀಗೆ ಬರಲ್ಲ ಮಾರಾಯ, ಏನು ಮಾಡ್ಸಿದೀಯ?" ಎಂದರು. "ಸ್ಪೀಕರು ಆರಿಸೋಕೆ ಕಿವಿ ಬೇಕು ಭಾವ" ಎಂದೆ.

ಆಮೇಲೊಂದು ದಿನ, ಬಿಸಿಲು ಕಾಣಿಸಲೆಂದು ಅರ್ಧ ಮೂಟೆಗಳನ್ನು ಕಣಕ್ಕೆ ಹಾಕಿಸಿದೆ. ಅವತ್ತು ಸಿನಿಮಾದ ನಾಯಕಿ ಬಚ್ಚಲಲ್ಲಿ ನಿಂತು ಅತ್ತಂತೆ ಕೇಳಿಸಿತು. ದೊಡ್ಡ ಸಭಾಂಗಣಗಳಲ್ಲಿ ದಪ್ಪ ಪರದೆ ಇಳಿಬಿಡುವುದು ಬರೀ ಚಂದಕ್ಕಲ್ಲವಂತೆ, ಸದ್ದು ಗೋಡೆಗೆ ಬಡಿದು ಮರಳದಿರಲೆಂದಂತೆ. ನಮ್ಮಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಮೂಟೆಗಳು, ನನ್ನ ಕಿವಿಯಲ್ಲ. ಕಾಫಿ ಮಾರಿದರೆ ಸೌಂಡು ಹೋಗುತ್ತದೆ, ಮಾರದಿದ್ದರೆ ಸೌಂಡಿಗೆ ದುಡ್ಡಿಲ್ಲ. ಇಂಥ ಪೇಚಿಗೆ ಅರ್ಥಶಾಸ್ತ್ರದಲ್ಲೂ ಪರಿಹಾರವಿದ್ದಂತಿಲ್ಲ.

ಮೂಟೆಗಳನ್ನು ಮತ್ತೆ ಒಳಗೆ ಹಾಕಿಸಿ, "ರೇಟು ಇನ್ನೂ ಏರ್ತದೆ" ಎನ್ನುತ್ತ ಕೂತೆ. ನನಗೇನೋ ಒಳಸುದ್ದಿ ಸಿಕ್ಕಿದೆ ಎಂದು ಪಕ್ಕದ ತೋಟದವರೂ ಕಾಫಿ ತಡೆಹಿಡಿದು, ದಿನಾ ಬಂದು ನನ್ನ ಮುಖ ನೋಡತೊಡಗಿದರು. ರೇಟು ಇಳಿಯಿತು. "ಏರ್ತದೆ ಅಂದಿದ್ದು ಕಾಫಿನಾ, ಸೌಂಡಾ?" ಎಂದಳು ಸುಜಾತ. ಅವಳಿಗೆ ಎಲ್ಲ ಗೊತ್ತಿತ್ತು. ಸಿಕ್ಕ ರೇಟಿಗೆ ಮಾರಿದೆ. ಕೂಲಿ, ಗೊಬ್ಬರ, ಅಂಗಡಿ ಬಾಕಿ ಕಳೆದರೆ ಗ್ರೈಂಡರಿಗೆ ಉಳಿಯಲಿಲ್ಲ. ಅವಳು ಎದ್ದು ಹೋಗಿ ದೋಸೆಗೆ ಅಕ್ಕಿ ನೆನೆಹಾಕಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಖಾಲಿ ಕೋಣೆಯಲ್ಲಿ ಐದೂ ಸ್ಪೀಕರು ಬಾಯಿ ಮುಚ್ಚಿಕೊಂಡಿದ್ದರೂ, ಅಡಿಗೆಮನೆಯ ರುಬ್ಬುವ ಕಲ್ಲಿನ ಸದ್ದು ಬರಿಗೋಡೆಗಳಿಗೆ ಬಡಿದು ಹಿಂದೆ, ಮುಂದೆ, ಎಡ, ಬಲ ಎಲ್ಲ ಕಡೆಯಿಂದ ಬಂದು ನನ್ನನ್ನು ಸುತ್ತಿಕೊಳ್ಳುತ್ತಿತ್ತು. ಭಾವನ ಮನೆಯ ಕುದುರೆಗಳೂ ಇಷ್ಟು ಹತ್ತಿರ ಬಂದಿರಲಿಲ್ಲ. ಕೂತು ನೋಡಿದೆ, ಆಗಲಿಲ್ಲ. ಎದ್ದು ಹೋಗಿ ಗುಂಡುಕಲ್ಲನ್ನು ಅವಳ ಕೈಯಿಂದ ತೆಗೆದುಕೊಂಡೆ.

ಮುಂದಿನ ಬಜೆಟ್ಟಿನಲ್ಲಿ ಗ್ರೈಂಡರೇ ಮೊದಲು. ಅಲ್ಲಿಯವರೆಗೆ ರುಬ್ಬುವವನು ನಾನು. ಒಂದು ಅನುಕೂಲವಿದೆ, ಕಲ್ಲು ತಿರುಗಿಸುವವನಿಗೆ ಆ ಸದ್ದು ಅಷ್ಟಾಗಿ ಚುಚ್ಚುವುದಿಲ್ಲ.